ಮೈಕ್ ಇಲ್ಲದ ಬೂತ್

ಜನವರಿ ೧೮, ಶನಿವಾರ

ಬೆಳಿಗ್ಗೆ ಚಿನ್ಮಯಿಯ ಶಾಲೆಯಲ್ಲಿ ಪೋಷಕರ ಸಭೆ. ಮುಂದಿನ ತರಗತಿಗೆ ಬೇಕಾದ ಐಚ್ಛಿಕ ವಿಷಯಗಳನ್ನು ಮಕ್ಕಳು ಈಗಲೇ ಆರಿಸಬೇಕು. ಫೆಬ್ರವರಿ ಏಳು ಕೊನೆಯ ದಿನ. ತರಗತಿಯ ಮುಖ್ಯಸ್ಥೆ ಮಿಸ್ ವಂಬುಯಿ ಪರದೆಯ ಮೇಲೆ ಕಾಲಂಗಳನ್ನು ತೋರಿಸಿದರು. ಒಂದೊಂದು ಕಾಲಮ್ಮಿನಿಂದ ಒಂದೊಂದೇ ವಿಷಯ. ಮೂರನೆಯದರಲ್ಲಿ ಭೌತಶಾಸ್ತ್ರವೂ ಕಿಸ್ವಾಹಿಲಿಯೂ ಒಂದರ ಕೆಳಗೊಂದು ಇದ್ದವು. ಭೌತಶಾಸ್ತ್ರ ಬಿಟ್ಟವರಿಗೆ ಎಲ್ಲ ವಿಜ್ಞಾನಗಳನ್ನೂ ಸೇರಿಸಿದ ಒಂದು ಹಗುರ ಪಾಠವಂತೆ. ಅದನ್ನು ಓದಿ ಎಂಜಿನಿಯರಿಂಗ್ ಕಡೆ ಹೋಗುವುದು ಕಷ್ಟ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಿಂದಿನ ಸಾಲಿನ ಅಪ್ಪಂದಿರೆಲ್ಲ ಆ ಕಾಲಂ ಬಂದಾಗಲೇ ಫೋನ್ ಎತ್ತಿ ಚಿತ್ರ ತೆಗೆದುಕೊಂಡರು.

"ಇದು ಜೀವನದ ತೀರ್ಮಾನವಲ್ಲ, ಸುಮ್ಮನೆ ಇಣುಕಿ ನೋಡುವುದು," ಎಂದರು ಮಿಸ್ ವಂಬುಯಿ. ಆರಿಸುವ ಮೊದಲು ಪ್ರತಿ ಮಗುವೂ ತನಗೆ ಇಷ್ಟವಾದ ಕೆಲಸ ಮಾಡುವವರೊಬ್ಬರ ಜೊತೆ ಒಂದು ದಿನ ಕಳೆಯಬೇಕು.

ಮನೆಗೆ ಬಂದ ಮೇಲೆ ಚಿನ್ಮಯಿ ಹೇಳಿದಳು, ಕಿಸ್ವಾಹಿಲಿ ತೆಗೆದುಕೊಳ್ಳುತ್ತಾಳಂತೆ. ದುಭಾಷಿಯಾಗಬೇಕಂತೆ. (ಅವಳು ಹೇಳುವುದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.) "ಗಾಜಿನ ಕೋಣೆಯಲ್ಲಿ ಕುಳಿತು ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಯಲ್ಲಿ ಹೇಳುತ್ತಾರಲ್ಲ, ಆ ಕೆಲಸ ನನಗೆ ಇಷ್ಟ," ಎಂದಳು.

"ಮುಂದಿನ ವರ್ಷ ನನ್ನ ಕಾಂಟ್ರಾಕ್ಟ್ ಮುಗಿಯತ್ತೆ," ಎಂದೆ. "ಆಮೇಲೆ ಜಿನೀವಾನೋ ಬ್ಯಾಂಕಾಕೋ ಯಾರಿಗೆ ಗೊತ್ತು. ಅಲ್ಲಿ ಯಾರ ಹತ್ರ ಕಿಸ್ವಾಹಿಲಿ ಮಾತಾಡ್ತೀಯ? ಭೌತಶಾಸ್ತ್ರ ಎಲ್ಲ ದೇಶದಲ್ಲೂ ಒಂದೇ. ನಾವು ಇಲ್ಲಿಯವರಲ್ಲ ಕಣೇ."

"ನೀವು ಅಲ್ಲ," ಎಂದು ಅವಳು ಕೋಣೆಗೆ ಹೋದಳು.

ಅವಳಿಗೆ ಎರಡು ತುಂಬುವ ಮೊದಲೇ ನಾವು ನೈರೋಬಿಗೆ ಬಂದದ್ದು. ಆದರೂ ಆ ಮಾತು ಒರಟು. ಸಂಜೆ ಹಂಗೇರಿಯ ಕಾದಂಬರಿಯ ಕನ್ನಡ ಅನುವಾದ ಹಿಡಿದು ಕೂತೆ. ಇಂಗ್ಲಿಷಿನದರ ಜೊತೆ ಇಟ್ಟು ನೋಡಿದರೆ ಎಂಟನೇ ಅಧ್ಯಾಯದಲ್ಲಿ ಒಂದು ಪೂರ್ತಿ ವಾಕ್ಯ ಬಿಟ್ಟುಹೋಗಿದೆ. ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಇಂಥದ್ದನ್ನು ಕ್ಷಮಿಸುವುದು ನನಗೆ ಆಗುವುದಿಲ್ಲ.

ಜನವರಿ ೨೧, ಮಂಗಳವಾರ

ನಿನ್ನೆಯಿಂದ ನಲ್ಲಿಯಲ್ಲಿ ನೀರಿಲ್ಲ. ನಮ್ಮ ಕಿಲಿಮಾನಿ ಬಡಾವಣೆಯ ಈ ಕಟ್ಟಡಗಳಲ್ಲಿ ಈಜುಕೊಳ ತುಂಬಿರುತ್ತದೆ, ಅಡುಗೆಮನೆ ಒಣಗಿರುತ್ತದೆ. ಕಟ್ಟಡ ನೋಡಿಕೊಳ್ಳುವ ಮುತುವಾನಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ನೀರಿನ ಮಾತು ಬಂದಾಗ ಮಾತ್ರ ಮರೆತುಹೋಗುತ್ತದೆ. ಚಿನ್ಮಯಿಯನ್ನು ಕರೆದುಕೊಂಡು ಕೆಳಗೆ ಹೋದೆ.

"ಬಾಡಿಗೆ ತಗೊಳ್ಳೋವಾಗ ನಾಚಿಕೆ ಆಗಲ್ವಾ ಅಂತ ಕೇಳು," ಎಂದೆ.

ಅವಳು ಏನೋ ಕೇಳಿದಳು. ನನ್ನ ವಾಕ್ಯದ ಮೂರು ಪಟ್ಟು ಉದ್ದವಿತ್ತು. ಮುತುವಾ ಜೋರಾಗಿ ನಕ್ಕ, ನನಗೆ ಕೈಮುಗಿದ, "ಪೋಲೆ ಮಾಮಾ, ಪೋಲೆ ಸಾನ" ಎಂದ. ಕ್ಷಮೆ ಕೇಳುವ ಮಾತು. ಮಾಮಾ ಎಂದರೆ ಇಲ್ಲಿ ಅಮ್ಮ. ಒಂದು ಗಂಟೆಯಲ್ಲಿ ಪಂಪು ಓಡಿತು.

"ನಾನು ಹೇಳಿದ್ದನ್ನೇ ಹೇಳಿದ್ಯಾ?"

"ನೀನು ಹೇಳಬೇಕೆಂದಿದ್ದನ್ನು ಹೇಳಿದೆ," ಎಂದಳು.

ಇದನ್ನು ಅನುವಾದ ಎನ್ನಲಾಗದು. ಅವಳಿಗೆ ಈ ಕೆಲಸದ ಶಿಸ್ತು ತಿಳಿಯದು.

ಜನವರಿ ೨೪, ಶುಕ್ರವಾರ

ವಿನಿಫ್ರೆಡ್ ಹತ್ತಿರ ಮಾತಾಡಿದೆ. ಗಿಗಿರಿಯಲ್ಲಿ ನಮ್ಮ ಕಚೇರಿಯ ಸಭೆಗಳಿಗೆಲ್ಲ ಕಿಸ್ವಾಹಿಲಿಯ ದುಭಾಷಿಯಾಗಿ ಬರುವವರು ಅವರೇ. ಹುಟ್ಟಿದ್ದು ಮೊಂಬಾಸಾ. ಹೈಸ್ಕೂಲಿಗೆ ಅಪ್ಪ ಮಂಗಳೂರಿನ ಹಾಸ್ಟೆಲಿಗೆ ಕಳುಹಿಸಿದ್ದರಂತೆ. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಆ ಹಾಸ್ಟೆಲಿನ ಕನ್ನಡ.

ಚಿನ್ಮಯಿಯನ್ನು ಸಂಗೀತದ ಪಾಠದಿಂದ ಕರೆದುಕೊಂಡು ಬರುವಾಗ ಟ್ಯಾಕ್ಸಿಯಲ್ಲೇ ಅವರ ಫೋನ್ ಬಂತು. ಚಾಲಕನಿಗೆ ಕನ್ನಡ ಬಾರದು, ಚಿನ್ಮಯಿ ಹೆಡ್‌ಫೋನ್ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದ್ದಳು. ಮಾತು ಮುಂದುವರಿಸಿದೆ. ಬುಧವಾರ ಸರೋವರದ ಮೀನುಗಾರರ ಸಂಘಗಳ ಸಭೆ ಇದೆ. ಸಭಾಂಗಣದಲ್ಲಿ ಒಂದು ಡಮ್ಮಿ ಬೂತ್ ಇರುತ್ತದೆ. ಕಲಿಯುವವರು ಅದರಲ್ಲಿ ಕುಳಿತು ನಿಜವಾದ ಭಾಷಣ ಕೇಳುತ್ತ ಅನುವಾದ ಮಾಡಬಹುದು. ಮೈಕ್ ಇರುವುದಿಲ್ಲ, ಹೊರಗೆ ಯಾರಿಗೂ ಕೇಳಿಸದು. ಚಿನ್ಮಯಿ ಅಲ್ಲಿ ಕೂರಬಹುದು ಎಂದರು.

"ಕಷ್ಟದ ಸಭೆ ತಾನೇ?" ಎಂದೆ.

"ಸುಲಭದ್ದಕ್ಕೆ ನಮ್ಮನ್ನು ಯಾರು ಕರೀತಾರೆ ಮಾರಾಯ್ತಿ?"

"ಕೊನೆಗೆ ನೀವು ಒಂದು ಮಾತು ಹೇಳ್ಬೇಕು. ಇದು ನಿನಗೆ ಆಗೋ ಕೆಲಸ ಅಲ್ಲ ಅಂತ. ನಾನು ಹೇಳಿದ್ರೆ ಹಟ ಮಾಡ್ತಾಳೆ. ನೀವು ಹೇಳಿದ್ರೆ ಕೇಳ್ತಾಳೆ."



"ಆಗುವುದಿದ್ರೆ?"

"ಆಗೋದಿದ್ರೂ."

ಅವರು ತಮ್ಮ ಮಗ ಕ್ಲಾಯ್ಡ್‌ನ ಮಾತು ತೆಗೆದರು. ಅವನನ್ನು ಅವನ ಇಷ್ಟಕ್ಕೆ ಬಿಟ್ಟಿದ್ದರು, ಈಗ ದುಬೈಯಲ್ಲಿ ಮತ್ತೊಂದು ಕೆಲಸ ಹುಡುಕುತ್ತಿದ್ದಾನೆ. "ಯಾವುದು ಸರಿ ಅಂತ ನನಗೂ ಗೊತ್ತಿಲ್ಲ ತಾರಾ. ನಿನ್ನ ಮಗಳು. ಹೇಳ್ತೇನೆ," ಎಂದರು.

ಇದು ಸುಳ್ಳು ಹೇಳಿಸುವುದಲ್ಲ. ಹೇಗಿದ್ದರೂ ಮಕ್ಕಳಿಗೆ ಮೊದಲ ದಿನ ಆಗುವುದಿಲ್ಲ. ಆಗದ್ದನ್ನು ಆಗದು ಎನ್ನುತ್ತಾರೆ, ಅಷ್ಟೆ.

ಜನವರಿ ೨೯, ಬುಧವಾರ

ಅವಳು ಶಾಲೆಯ ಕೋಟು ಹಾಕಿಕೊಂಡು, ಕೂದಲು ಬಿಗಿದು ಕಟ್ಟಿಕೊಂಡು ಬಂದಳು. ಭದ್ರತೆಯ ಗೇಟಿನಲ್ಲಿ ಅವಳ ಕೊರಳಿಗೆ ಸಂದರ್ಶಕರ ಪಟ್ಟಿ ಹಾಕಿದರು. ದಾರಿಯುದ್ದಕ್ಕೂ ನನ್ನೊಡನೆ ಮಾತಾಡಲಿಲ್ಲ. ಹೆದರಿಕೆ ಎಂದುಕೊಂಡೆ.

ಮಧ್ಯಾಹ್ನ ನನ್ನ ಮೌಲ್ಯಮಾಪನದ ವರದಿ ಬಿಟ್ಟು ಸಭಾಂಗಣದ ಬಾಗಿಲವರೆಗೆ ಹೋದೆ. ವೇದಿಕೆಯ ಮೇಲೆ ವಯಸ್ಸಾದ ಹೆಂಗಸೊಬ್ಬಳು ಬಲೆಯ ಬಗ್ಗೆ ಏನೋ ಹೇಳುತ್ತಿದ್ದಳು, ಕೈಯಲ್ಲಿ ಅದರ ಕಣ್ಣುಗಳ ಅಳತೆ ತೋರಿಸುತ್ತಿದ್ದಳು. ಹಿಂದಿನ ಗೋಡೆಯ ಗಾಜಿನೊಳಗೆ ಚಿನ್ಮಯಿ. ಒಂದು ಕೈ ಕಿವಿಯ ಮೇಲೆ. ತುಟಿ ಅಲುಗುತ್ತಿತ್ತು, ನಿಲ್ಲುತ್ತಿತ್ತು, ಬಹಳ ಹೊತ್ತು ನಿಲ್ಲುತ್ತಿತ್ತು. ಮತ್ತೆ ಅಲುಗುತ್ತಿತ್ತು. ತಡವರಿಸುತ್ತಿದ್ದಾಳೆ ಎಂದು ತಿಳಿದು ನನಗೆ ಸಮಾಧಾನವಾಯಿತು.

ಬೇಗ ಮನೆಗೆ ಬಂದು, ಬರುವ ದಾರಿಯಲ್ಲಿ ಪಾರ್ಕ್‌ಲ್ಯಾಂಡ್ಸ್‌ನ ಅಂಗಡಿಯಲ್ಲಿ ಸಬ್ಬಸಿಗೆ ಸೊಪ್ಪು ಕೊಂಡು, ಅಕ್ಕಿರೊಟ್ಟಿ ಮಾಡಿದೆ. ಅವಳು ತಿನ್ನುತ್ತ ಹೇಳಿದಳು: "ನನಗೆ ಆಗುವುದಿಲ್ಲವೆಂದು ಆಂಟಿ ಹೇಳಿದರು. ಭೌತಶಾಸ್ತ್ರ ತೆಗೆದುಕೊಳ್ಳುತ್ತೇನೆ."

"ಬೇಜಾರಾಯ್ತಾ ಪುಟ್ಟಿ?"

"ಇಲ್ಲ."

ಇನ್ನೊಂದು ರೊಟ್ಟಿ ಹಾಕಿದೆ. ಬೆಣ್ಣೆಯನ್ನೂ ಹಾಕಿದೆ. ತಲೆ ಸವರಿದೆ. ಸುಮ್ಮನೆ ಸವರಿಸಿಕೊಂಡಳು. ಇಷ್ಟು ಸುಲಭವಾಗುತ್ತದೆ ಎಂದುಕೊಂಡಿರಲಿಲ್ಲ.

ಗಂಡ ಧನಂಜಯ್‌ಗೆ ಫೋನ್ ಮಾಡಿ ಹೇಳಿದೆ. ಅವನು ದೇಶದ ಉತ್ತರದ ತುರ್ಕಾನಾದಲ್ಲಿ, ಬಾವಿ ಕೊರೆಸುವ ಕೆಲಸದ ಮೇಲೆ. "ಜಾಣೆ ಅವಳು. ಸರಿಯಾಗೇ ಯೋಚನೆ ಮಾಡ್ತಾಳೆ," ಎಂದ. ನಾನು ಹೌದು ಎಂದೆ.

ಜನವರಿ ೩೧, ಶುಕ್ರವಾರ

ವಿನಿಫ್ರೆಡ್ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಬಂದು ನನ್ನ ಎದುರು ಕೂತರು. ಎಂದಿನ ನಗು ಇರಲಿಲ್ಲ.

"ನೀನು ಹೇಳಿದ್ದನ್ನು ಹೇಳಿದೆ. ಒಂದು ಶಬ್ದ ಹೆಚ್ಚಿಲ್ಲ, ಕಡಿಮೆ ಇಲ್ಲ. ನನ್ನ ಕಸುಬೇ ಅದಲ್ವಾ."

"ಥ್ಯಾಂಕ್ಸ್ ವಿನಿಫ್ರೆಡ್."

"ಥ್ಯಾಂಕ್ಸ್ ಬೇಡ. ನಾನು ಹೇಳದೇ ಇಟ್ಟುಕೊಂಡದ್ದು ಒಂದು ಉಂಟು, ಅದನ್ನು ಕೇಳು. ಅರ್ಧ ಗಂಟೆ ನಾನು ಅವಳ ಹಿಂದೆ ನಿಂತು ಕೇಳಿದ್ದೇನೆ. ಶಬ್ದ ಸಾಲುದಿಲ್ಲ, ಮೀನಿನ ಹೆಸರು ಒಂದೂ ಗೊತ್ತಿಲ್ಲ, ಅಂಕಿ ಬಂದ ಕಡೆಯೆಲ್ಲ ಬಿದ್ದಳು. ಅದು ಬಿಡು. ಹೊಸಬರು ಎಂತ ಮಾಡ್ತಾರೆ ಗೊತ್ತುಂಟಾ? ಮೊದಲ ಶಬ್ದ ಕಿವಿಗೆ ಬಿದ್ದ ಕೂಡಲೇ ಓಡ್ತಾರೆ. ಇವಳು ಓಡ್ಲಿಲ್ಲ. ಆ ಅಜ್ಜಿ ಎಂತ ಹೇಳ್ಲಿಕ್ಕೆ ಹೊರಟದ್ದು ಅಂತ ತಿಳಿಯುವವರೆಗೆ ಬಾಯಿ ಬಿಗಿ ಹಿಡಿದು ಕೂತಳು. ಆಮೇಲೆ ಹೇಳಿದ್ದು ಅಜ್ಜಿ ಹೇಳಿದ್ದೇ. ಹಾಗೆ ಕಾಯುವುದನ್ನು ಕಲಿಸ್ಲಿಕ್ಕೆ ಆಗುದಿಲ್ಲ ತಾರಾ. ಇಪ್ಪತ್ತು ವರ್ಷದಲ್ಲಿ ನಾನು ಅಂಥವರನ್ನು ಇಬ್ಬರನ್ನೋ ಮೂವರನ್ನೋ ನೋಡಿದ್ದು."

ನಾನು ಗಾಜಿನಲ್ಲಿ ಕಂಡ ತಡವರಿಕೆ ಅದೇ ಇರಬೇಕು.

"ಅವಳಿಗೆ ನೀವೇ ಹೇಳಿ," ಎಂದೆ.

"ನಾನು ಹೇಳ್ಲಿಕ್ಕೆ ಇಲ್ಲ ಅಂತ ಹೇಳಿದ್ದು ನೀನು. ಈಗ ಹೇಳುದಾದ್ರೆ ನೀನೇ ಹೇಳು. ಏಳನೇ ತಾರೀಕಿನ ಮೊದಲು ಹೇಳು. ನನಗೆ ನಿದ್ದೆ ಸರಿಯಾಗಿ ಬರ್ಲಿಲ್ಲ ಮಾರಾಯ್ತಿ."

ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಎದ್ದುಹೋದರು.

ಫೆಬ್ರವರಿ ೧, ಶನಿವಾರ

ಇವತ್ತು ಹೇಳಬೇಕೆಂದಿದ್ದೆ. ಅವಳು ಗೆಳತಿಯ ಮನೆಗೆ ಹೋದಳು.

ಫೆಬ್ರವರಿ ೨, ಭಾನುವಾರ

ಇಡೀ ದಿನ ಮನೆಯಲ್ಲೇ ಇದ್ದಳು. ಹೇಳಲಿಲ್ಲ. ಹೇಳಿದರೆ ಹೊಗಳಿಕೆಯ ಜೊತೆಗೆ ನಾನು ಮಾಡಿಸಿದ್ದನ್ನೂ ಹೇಳಬೇಕಾಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ಹಾಗೆ ವಾಕ್ಯ ಕಟ್ಟಲು ನೋಡಿದೆ. ಆಗಲಿಲ್ಲ.

ಅವಳು ಕೋಣೆಯಿಂದ ಹೊರಗೆ ಬಂದು ನಾನು ಕೂತಲ್ಲಿ ಸುಮ್ಮಸುಮ್ಮನೆ ನಿಲ್ಲುತ್ತಿದ್ದಳು. ಏನು ಬೇಕು ಎಂದರೆ ಏನೂ ಇಲ್ಲ ಎನ್ನುತ್ತಿದ್ದಳು.

ಫೆಬ್ರವರಿ ೪, ಮಂಗಳವಾರ

ವಿನಿಫ್ರೆಡ್‌ಗೆ ಏನು ಗೊತ್ತು. ಕಾಂಟ್ರಾಕ್ಟು ಮುಗಿದಾಗ ಸಾಮಾನು ಕಟ್ಟುವವರು ನಾವು. ಅವರಿಗೆ ಈ ಊರಲ್ಲಿ ಸ್ವಂತ ಮನೆ, ಇಗರ್ಜಿ, ಮೊಂಬಾಸಾದಲ್ಲಿ ಅಣ್ಣ.

ಮೇಲಿನ ವಾಕ್ಯಗಳನ್ನು ಬರೆದು ಓದಿ ನೋಡಿದೆ. ಅವುಗಳಲ್ಲಿ ತಪ್ಪಿಲ್ಲ. ಆದರೂ ಅವು ಉತ್ತರವಲ್ಲ.

ಫೆಬ್ರವರಿ ೫, ಬುಧವಾರ

ಮತ್ತೆ ನೀರಿಲ್ಲ. "ಮುತುವಾನ್ನ ಸ್ವಲ್ಪ ಕೇಳ್ತೀಯಾ ಪುಟ್ಟಿ?" ಎಂದೆ.

"ನೀನೇ ಕೇಳು ಅಮ್ಮ. ನನಗೆ ಆಗುವುದಿಲ್ಲವಲ್ಲ."

ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕೆಳಗೆ ಹೋಗಿ ಖಾಲಿ ಬಕೆಟ್ ತೋರಿಸಿದೆ. "ಕೆಶೊ," ಎಂದ ಮುತುವಾ. ನಾಳೆ ಎಂದರ್ಥ, ಅಷ್ಟು ನನಗೂ ತಿಳಿಯುತ್ತದೆ. ಚಿನ್ಮಯಿ ಎಲ್ಲಿ ಎಂದು ಕೇಳಿದ. ಅವಳಿಗೆ ಓದುವುದಿದೆ ಎಂದೆ.

ಫೆಬ್ರವರಿ ೭, ಶುಕ್ರವಾರ

ಸಂಜೆ ಶಾಲೆಯಿಂದ ಸಂದೇಶ ಬಂತು. ಚಿನ್ಮಯಿ ಆರಿಸಿದ ವಿಷಯಗಳು ಇವು, ಪೋಷಕರು ಒಪ್ಪಿಗೆ ಕೊಡಬೇಕು. ಮೂರನೇ ಕಾಲಮ್ಮಿನಲ್ಲಿ ಭೌತಶಾಸ್ತ್ರ. ಕೆಳಗೆ ಹಸಿರು ಗುಂಡಿ.

ಅವಳು ಎದುರಿನ ಸೋಫಾದಲ್ಲೇ ಇದ್ದಳು. ಪುಸ್ತಕ ತೊಡೆಯ ಮೇಲಿತ್ತು, ಪುಟ ತಿರುಗಿಸುತ್ತಿರಲಿಲ್ಲ.

"ಶಾಲೆಯಿಂದ ಬಂದಿದೆ," ಎಂದೆ.

"ಹ್ಞೂಂ."

"ಒಪ್ಪಿಗೆ ಕೊಡ್ಲಾ?"

"ನಿನ್ನಿಷ್ಟ."

ಒತ್ತಿದೆ.

ಫೆಬ್ರವರಿ ೮, ಶನಿವಾರ

ಹೇಳಿದೆ. ಕೊನೆಯ ದಿನ ಕಳೆದ ಮೇಲೆ, ಇನ್ನು ಹೇಳಿದರೆ ಏನೂ ಆಗದು ಎಂಬ ಧೈರ್ಯ ಬಂದ ಮೇಲೆ ಹೇಳಿದೆ. ಇದನ್ನು ಇಲ್ಲಿಯಾದರೂ ಸರಿಯಾಗಿ ಬರೆಯಬೇಕು.

ಬಾಲ್ಕನಿಯಲ್ಲಿ ಒಣಗಿದ ಹೊದಿಕೆ ಮಡಿಸುತ್ತಿದ್ದೆವು. ಎರಡು ತುದಿ ಅವಳು, ಎರಡು ತುದಿ ನಾನು.

"ಬೂತ್‌ನಲ್ಲಿ ನೀನು ಚೆನ್ನಾಗಿ ಮಾಡಿದೆ ಅಂತ ವಿನಿಫ್ರೆಡ್ ಆಂಟಿ ಹೇಳಿದ್ರು. ಹೋದ ಶುಕ್ರವಾರವೇ ಹೇಳಿದ್ರು. ನಿನಗೆ ಆಗಲ್ಲ ಅಂತ ಅವರು ಹೇಳಿದ್ದು ನಾನು ಹೇಳಿಸಿದ್ದು."

ಅವಳು ಹೊದಿಕೆ ಬಿಡಲಿಲ್ಲ. "ಐ ನೋ," ಎಂದಳು.

ಇಲ್ಲಿಂದ ಮುಂದೆ ಅವಳ ಮಾತನ್ನು ಕನ್ನಡ ಮಾಡುವುದಿಲ್ಲ. ಮಾಡಲು ಕೂತೆ, ಪ್ರತಿ ಸಲವೂ ನನಗೆ ಅನುಕೂಲವಾಗಿಯೇ ಬರುತ್ತಿದೆ.

"ಐ ವಾಸ್ ಇನ್ ದ ಕ್ಯಾಬ್, ಅಮ್ಮ. ರೈಟ್ ನೆಕ್ಸ್ಟ್ ಟು ಯು."

"ಹೆಡ್‌ಫೋನ್ ಹಾಕಿದ್ದೆಯಲ್ಲ."

"ದೇ ವರ್ ಡೆಡ್. ನೋ ಚಾರ್ಜ್." ಆಮೇಲೆ ಹೇಳಿದಳು: "ಯು ಸೆಡ್, ಆಗೋದಿದ್ರೂ."

ಆ ಒಂದು ಮಾತನ್ನು ಕನ್ನಡದಲ್ಲಿ ಹೇಳಿದಳು. ನನ್ನ ದನಿಯಲ್ಲೇ, ನಾನು ಎಳೆಯುವ ಹಾಗೆಯೇ ಎಳೆದು. ಅವಳು ನನ್ನ ಹತ್ತಿರ ಕನ್ನಡ ಮಾತಾಡಿ ಎಷ್ಟು ವರ್ಷವಾಯಿತು ಎಂದು ನೆನಪಿಗೆ ಬರಲಿಲ್ಲ. ಅವಳಿಗೆ ಕನ್ನಡ ತಿಳಿಯುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನಾನು ದಿನವೂ ಕನ್ನಡದಲ್ಲೇ ಊಟಕ್ಕೆ ಕರೆಯುತ್ತೇನೆ, ಬೈಯುತ್ತೇನೆ. ಆದರೆ ಇಂಗ್ಲಿಷಿನ ಉತ್ತರ ಕೇಳಿ ಕೇಳಿ, ಟ್ಯಾಕ್ಸಿಯಲ್ಲಿ ಕನ್ನಡವೆಂದರೆ ಯಾರಿಗೂ ಕೇಳಿಸದ್ದು ಎಂದು ಹೇಗೋ ತಿಳಿದುಬಿಟ್ಟಿದ್ದೆ.

"ಮತ್ತೆ ಯಾಕೆ ಹೋದೆ ಅಲ್ಲಿಗೆ?"

"ಟು ಸೀ ಇಫ್ ಆಂಟಿ ವುಡ್ ರಿಯಲಿ ಸೇ ಇಟ್. ಶೀ ಡಿಡ್. ಶೀ ಕುಡಂಟ್ ಲುಕ್ ಅಟ್ ಮೀ." ಹೊದಿಕೆಯ ಅಂಚನ್ನು ಬೆರಳಿಂದ ಬೆರಳಿಗೆ ಸರಿಸುತ್ತಿದ್ದಳು. "ದೆನ್ ಐ ಕೇಮ್ ಹೋಮ್ ಅಂಡ್ ಯು ಮೇಡ್ ಅಕ್ಕಿರೊಟ್ಟಿ. ಯು ವರ್ ಸೋ ನೈಸ್, ಅಮ್ಮ. ಯು ಕಾಲ್ಡ್ ಮೀ ಪುಟ್ಟಿ."

ನಾನು ಏನೋ ಹೇಳಲು ಹೋದೆ.

"ಐ ಥಾಟ್ ಯು ವುಡ್ ಟೆಲ್ ಮೀ. ಐ ವೇಟೆಡ್ ಟಿಲ್ ಫ್ರೈಡೇ. ಐ ಕೆಪ್ಟ್ ಕಮಿಂಗ್ ಔಟ್ ಆಫ್ ಮೈ ರೂಮ್. ಅಂಡ್ ದೆನ್ ಯು ಪ್ರೆಸ್ಡ್ ದ ಬಟನ್."

"ಆಂಟಿ ನಿಜವಾಗಿ ಹೇಳಿದ್ದು ಕೇಳು. ನೀನು ಕಾಯ್ತೀಯಂತೆ. ಮಾತಾಡೋರು ಏನು ಹೇಳೋಕೆ ಹೊರಟಿದ್ದಾರೆ ಅಂತ ತಿಳಿಯೋವರೆಗೂ—"

"ಹೌ ಡೂ ಐ ನೋ?" ದನಿ ಏರಲಿಲ್ಲ. "ಮೇಬಿ ಯು ಆರ್ ಸೇಯಿಂಗ್ ಇಟ್ ಬಿಕಾಸ್ ಯು ಫೀಲ್ ಬ್ಯಾಡ್."

ಹೊದಿಕೆ ನಮ್ಮಿಬ್ಬರ ನಡುವೆ ಜೋಲುಬಿದ್ದು ನೆಲ ಮುಟ್ಟುತ್ತಿತ್ತು. ಅವಳು ಎರಡು ಹೆಜ್ಜೆ ಮುಂದೆ ಬಂದು ತನ್ನ ತುದಿಗಳನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಫೆಬ್ರವರಿ ೯, ಭಾನುವಾರ

ಹೇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ.

ಫೆಬ್ರವರಿ ೧೧, ಮಂಗಳವಾರ

ಕಚೇರಿಯಿಂದ ಮಿಸ್ ವಂಬುಯಿಗೆ ಬರೆಯಲು ಕೂತೆ. ಮನೆಯಲ್ಲಿ ನಡೆದ ಒಂದು ತಪ್ಪಿನಿಂದಾಗಿ ನನ್ನ ಮಗಳ ಆಯ್ಕೆ ಬದಲಾಗಿದೆ, ದಯವಿಟ್ಟು ಸರಿಪಡಿಸಿ. ಚೆನ್ನಾಗಿಯೇ ಬಂತು ಪತ್ರ. ಕಳುಹಿಸುವ ಮೊದಲು ಚಿನ್ಮಯಿಯನ್ನು ಕೇಳೋಣವೆನ್ನಿಸಿ ಫೋನಿಗೆ ಸಂದೇಶ ಹಾಕಿದೆ.

ಉತ್ತರ: "ಪ್ಲೀಸ್ ಡೋಂಟ್ ಟಾಕ್ ಟು ಎನಿವನ್ ಅಬೌಟ್ ಮೀ."

ಪತ್ರ ಅಳಿಸಿದೆ. ಕೇಳದೆ ಕಳುಹಿಸುವವಳೇ ಇದ್ದೆ. ಕೇಳಬೇಕೆಂದು ಯಾಕೆ ತೋಚಿತೋ ಗೊತ್ತಿಲ್ಲ.

ಹಂಗೇರಿಯ ಕಾದಂಬರಿ ಮೇಜಿನ ಮೇಲೇ ಇದೆ. ತೆರೆದಿಲ್ಲ.

ಫೆಬ್ರವರಿ ೧೩, ಗುರುವಾರ

ಶಾಲೆಯಿಂದ ಬಂದವಳೇ ಊಟದ ಮೇಜಿಗೆ ಕೂತು ಫೋನ್ ಮಾಡಿದಳು. ನಾನು ಅಲ್ಲೇ ಬಟಾಣಿ ಬಿಡಿಸುತ್ತಿದ್ದೆ. "ಶಿಕಮೋ, ಆಂಟಿ ವಿನಿಫ್ರೆಡ್," ಎಂದಳು. ಹಿರಿಯರಿಗೆ ಹೇಳುವ ನಮಸ್ಕಾರ ಅದು. ಅಲ್ಲಿಂದ ಮುಂದೆ ಎಲ್ಲ ಕಿಸ್ವಾಹಿಲಿ. ಎದ್ದುಹೋಗಬೇಕೇ ಕೂರಬೇಕೇ ತಿಳಿಯಲಿಲ್ಲ. ಅವಳು ಹೋಗು ಎನ್ನಲಿಲ್ಲ.

ಬಹಳ ಹೊತ್ತು ಮಾತಾಡಿದಳು. ಮೊದಲು ಅವಳದೇ ಮಾತು, ಗಟ್ಟಿಯಾಗಿ, ಆರೋಪ ಮಾಡುವವರ ಹಾಗೆ. ಆಮೇಲೆ ಆ ಕಡೆಯ ಮಾತು. ಅವಳು ಸುಮ್ಮನೆ ಕೇಳುತ್ತಿದ್ದಳು. ನನಗೆ "ಮಾಮಾ" ಎಂಬುದು ಮಾತ್ರ ತಿಳಿಯಿತು, ಹಲವು ಸಲ ಬಂತು. ನನ್ನ ಮಗಳು ಒಂದು ಭಾಷೆಯೊಳಗೆ ಹೇಗಿರುತ್ತಾಳೆ ಎಂದು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕೈ ಬೇರೆ ಥರ ಆಡುತ್ತದೆ. ಹುಬ್ಬು ಬೇರೆ ಥರ ಏಳುತ್ತದೆ. ಒಮ್ಮೆ ನಕ್ಕಳು, ಕೂಡಲೇ ನಗು ನಿಲ್ಲಿಸಿದಳು.

ಅವಳು ಫೋನ್ ಇಟ್ಟಳು. ಬಟಾಣಿಯ ಸಿಪ್ಪೆಗಳನ್ನು ಒಟ್ಟುಮಾಡಿದೆ.

"ಶೀ ಸೇಸ್ ಐ ವಾಸ್ ಬ್ಯಾಡ್," ಎಂದಳು. "ಶೀ ಸೇಸ್ ಐ ಡೋಂಟ್ ನೋ ಎನಿ ಫಿಶ್."

"ಹೌದಾ?"

"ಶೀ ಸೇಸ್ ಶೀ ಈಸ್ ಸಾರಿ. ಶೀ ಕ್ರೈಡ್ ಅ ಬಿಟ್." ಒಂದು ಬಟಾಣಿ ಬಾಯಿಗೆ ಹಾಕಿಕೊಂಡಳು. "ಶೀ ಸೇಸ್ ಡೋಂಟ್ ಬಿಲೀವ್ ಮೀ ಐದರ್. ಕಮ್ ಅಗೇನ್ ಅಂಡ್ ಸೀ ಫಾರ್ ಯುವರ್ಸೆಲ್ಫ್."

ಸೋಮವಾರ ಮಿಸ್ ವಂಬುಯಿಯ ಹತ್ತಿರ ತಾನೇ ಹೋಗುತ್ತಾಳಂತೆ. ನಾನು ಬರುವುದು ಬೇಡವಂತೆ. ಸರಿ ಎಂದೆ. ಆ ಒಂದು ಮಾತು ಹೇಳಿ ಅಲ್ಲಿಗೆ ಬಾಯಿ ಮುಚ್ಚುವುದು ಸುಲಭವಾಗಿರಲಿಲ್ಲ.

ಫೆಬ್ರವರಿ ೧೭, ಸೋಮವಾರ

ಕಿಸ್ವಾಹಿಲಿ ತರಗತಿ ತುಂಬಿಹೋಗಿದೆ. ಶುಕ್ರವಾರ, ಏಳನೇ ತಾರೀಕು, ಬೆಳಿಗ್ಗೆಯವರೆಗೂ ಜಾಗವಿತ್ತಂತೆ. ಈಗ ಕಾಯುವವರ ಪಟ್ಟಿ, ಅದರಲ್ಲಿ ಇವಳ ಮುಂದೆ ಇನ್ನೂ ಒಬ್ಬ ಹುಡುಗ. ಯಾರಾದರೂ ಬಿಟ್ಟರೆ ಸಿಗಬಹುದು, ಇಲ್ಲದಿದ್ದರೆ ಭೌತಶಾಸ್ತ್ರವೇ.

ಇದನ್ನೆಲ್ಲ ಬೂಟಿನ ಲೇಸು ಬಿಚ್ಚುತ್ತ, ತಲೆ ಎತ್ತದೆ ಹೇಳಿದಳು.

ಮೂವತ್ತೊಂದಕ್ಕೆ ಹೇಳಿದ್ದರೆ ಜಾಗವಿತ್ತು. ಒಂದಕ್ಕೆ ಹೇಳಿದ್ದರೆ ಇತ್ತು. ಎರಡಕ್ಕೆ ಅವಳು ನನ್ನ ಪಕ್ಕ ಬಂದು ನಿಂತಾಗ ಹೇಳಿದ್ದರೂ ಇತ್ತು.

ಫೆಬ್ರವರಿ ೧೮, ಮಂಗಳವಾರ

ಧನಂಜಯ್‌ಗೆ ಎಲ್ಲವನ್ನೂ ಹೇಳಿದೆ.

"ನೀನು ಹೀಗೆ ಮಾಡೋಳಲ್ಲ ತಾರಾ," ಎಂದ.

"ಮಾಡಿದೀನಲ್ಲ."

"ಸರಿ, ಆದದ್ದು ಆಯ್ತು. ಆ ದ್ವಾರಕಾನಾಥ್ ಶಾಲೆಯ ಬೋರ್ಡಲ್ಲಿ ಇದ್ದಾರಲ್ಲ? ರುಂಡಾದ ಮನೆಗೆ ಯುಗಾದಿಗೆ ಕರೆದಿದ್ರಲ್ಲ, ಅವರು. ಒಂದು ಫೋನ್ ಮಾಡು. ಒಂದು ಸೀಟು ಹೆಚ್ಚು ಮಾಡೋದು ಅವರಿಗೆ ದೊಡ್ಡ ವಿಷಯ ಅಲ್ಲ."

"ಪಟ್ಟೀಲಿ ಇವಳ ಮುಂದೆ ಒಬ್ಬ ಹುಡುಗ ಇದಾನೆ."

"ಇರ್ಲಿ ಬಿಡೇ. ನಿನ್ನ ಮಗಳಿಗೆ ನೀನು ಮಾಡ್ದೇ ಇನ್ಯಾರು ಮಾಡ್ತಾರೆ? ಅವಳಿಗೆ ಹೇಳೋದೇನೂ ಬೇಡ. ಸೀಟು ಬಂತು ಅಂದ್ರೆ ಖುಷಿಯಾಗಿರ್ತಾಳೆ."

ನಂಬರು ನನ್ನ ಫೋನಿನಲ್ಲಿದೆ. ದ್ವಾರಕಾನಾಥ್ ಒಳ್ಳೆಯವರು, ಇಲ್ಲವೆನ್ನುವವರಲ್ಲ. ನಾಳೆಯೇ ಕೆಲಸವಾಗಬಹುದು. ಅವಳಿಗೆ ಬೇಕಾದದ್ದು ಸಿಗುತ್ತದೆ, ನನಗೂ ಉಸಿರಾಡಲು ಆಗುತ್ತದೆ.

ಫೆಬ್ರವರಿ ೧೯, ಬುಧವಾರ

ಊಟದ ವಿರಾಮದಲ್ಲಿ ನಂಬರು ತೆಗೆದೆ. ಕಚೇರಿಯ ತೋಟದಲ್ಲಿ ಒಂದು ಸುತ್ತು ಬಂದೆ. ಏನು ಹೇಳಬೇಕೆಂಬ ವಾಕ್ಯವೂ ಸಿದ್ಧವಾಗಿತ್ತು. ಸಾರ್, ಒಂದು ಸಣ್ಣ ಸಹಾಯ, ಮಗಳಿಗೆ ತಿಳಿಯುವುದು ಬೇಡ.

ಆ ವಾಕ್ಯದ ಕೊನೆಯ ತುಂಡು ಬಾಯಿಗೆ ಬಂದಾಗ ನಿಂತೆ. ನಂಬರು ಮುಚ್ಚಿದೆ.

ಧನಂಜಯ್‌ಗೆ ಮಾಡುವುದಿಲ್ಲ ಎಂದು ಹೇಳಿದೆ. "ಹಾಗಾದ್ರೆ ಫಿಸಿಕ್ಸೇ ಗತಿ," ಎಂದ. ಹೌದು, ಇರಬಹುದು. ನನಗೆ ಬೇಕಾಗಿದ್ದದ್ದು ಅದೇ ತಾನೇ. ಅದು ಈಗ ಅವಳ ಹೆಸರಿನ ಮುಂದೆ ಇದೆ, ದಿನವೂ ಇರುತ್ತದೆ.

ಫೆಬ್ರವರಿ ೨೧, ಶುಕ್ರವಾರ

ಶಾಲೆಯಿಂದ ಏನೂ ಸುದ್ದಿ ಇಲ್ಲ. ಮುಂದಿನ ತಿಂಗಳು ವಿನಿಫ್ರೆಡ್ ಮತ್ತೊಂದು ಸಭೆಗೆ ಕರೆದಿದ್ದಾರಂತೆ. ಡಮ್ಮಿ ಬೂತಿಗೇ. ಚಿನ್ಮಯಿ ಮೀನುಗಳ ಹೆಸರು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಹಾಲು ತೆಗೆಯುವಾಗ ಓದಿದೆ. ಎರಡು ಮಾತ್ರ ಬಾಯಿಗೆ ಬಂದವು.

ಸಂಜೆ ತಟ್ಟೆ ಇಡುವಾಗ ಕೇಳಿದಳು.

"ಡಿಡ್ ಅಪ್ಪ ಟೆಲ್ ಯು ಟು ಕಾಲ್ ಸಮ್‌ಒನ್?"

ಗಂಡನ ಮೇಲೆ ಸಿಟ್ಟು ಬಂತು. ಅವಳಿಗೂ ಹೇಳಿದ್ದಾನೆ.

"ಹೇಳಿದ್ರು."

"ಡಿಡ್ ಯು?"

"ಇಲ್ಲ."

ಅವಳು ನನ್ನ ಮುಖ ನೋಡಿದಳು. ಸಾರಿನ ಸೌಟು ನನ್ನ ಕೈಯಲ್ಲಿ ಹಾಗೇ ಇತ್ತು. ವಿನಿಫ್ರೆಡ್ ಹೇಳಿದ್ದು ಇದನ್ನೇ ಇರಬೇಕು, ಈ ಕಾಯುವುದನ್ನು. ಇಲ್ಲ ಎಂದ ಮೇಲೆ ಇನ್ನೂ ಏನಾದರೂ ಬರುತ್ತದೆಯೇ ಎಂದು ಅವಳು ಕಾದಳು. ಸೇರಿಸಲು ನನಗೆ ಬಹಳ ಇತ್ತು: ನಂಬರು ತೆಗೆದದ್ದು, ತೋಟ, ನಿಂತದ್ದು. ಒಂದನ್ನೂ ಹೇಳಲಿಲ್ಲ. ಹೇಳಿದರೆ ಅದು ಹೊಗಳಿಕೆ ಕೇಳಿದ ಹಾಗೆ ಆಗುತ್ತಿತ್ತು.

"ಓಕೆ," ಎಂದು ತಟ್ಟೆ ಮುಂದೆ ಮಾಡಿದಳು.

ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.